ಒಂದೇ ಚಿತ್ರ, ಎರಡು ಮೊಣಕಾಲು

ಬಸ್ಸಿನಿಂದ ಇಳಿಯುವಾಗ ನನ್ನ ಎಡಗಾಲು ನೆಲಕ್ಕೆ ತಾಗಿತ್ತು, ಬಲಗಾಲು ಇನ್ನೂ ಮೆಟ್ಟಲಿನ ಮೇಲಿತ್ತು. ಹೆಗಲಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಭಾರದ ಚೀಲ. ಅದನ್ನು ಹಿಂದಿನಿಂದ ಯಾರಾದರೂ ಸರಿಸಿದರೋ, ಬಾಗಿಲಿನ ಸರಳಿಗೇ ಸಿಕ್ಕಿತೋ ಗೊತ್ತಿಲ್ಲ. ಮೈ ಬಲಕ್ಕೆ ತಿರುಗಿತು, ಪಾದ ಮಾತ್ರ ನೆಟ್ಟಲ್ಲೇ ನಿಂತಿತು. ಮೊಣಕಾಲಿನೊಳಗೆ 'ಟಕ್' ಎಂದಿತು. ಆ ಶಬ್ದ ಕಿವಿಯಿಂದ ಕೇಳಿದ್ದಲ್ಲ, ಎಲುಬಿನ ಮೂಲಕ ಮೇಲೆ ಬಂದದ್ದು. ಬಸ್ಸು ಹೊರಟುಹೋಯಿತು. ನಾನು ಅಲ್ಲೇ ರಸ್ತೆಯ ಬದಿಯಲ್ಲಿ ನಿಂತು, ಒಳಗೆ ಮುರಿಯುವಂಥದ್ದು ಎಂತ ಉಂಟು ಎಂದು ಯೋಚಿಸಿದೆ. ನೋವು ಬಂದದ್ದು ಆಮೇಲೆ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನು ಆಗ ಬಜಗೋಳಿಯ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ತೊಂಬತ್ತು, ಮದುವೆಯಾಗಿರಲಿಲ್ಲ. ಕಾರ್ಕಳದ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಕೊಂಕಣಿಯಲ್ಲಿ ಅವರನ್ನು ನಾನು ಕರೆಯುವುದು ಮಾಯ್ ಎಂದು. ಆ ಸಂಜೆ ಮಾಯ್ ನನ್ನ ಮೊಣಕಾಲು ನೋಡಿ, "ಇದು ಉಳುಕು, ಎಣ್ಣೆ ಹಾಕಿದರೆ ಇಳಿಯುತ್ತದೆ" ಎಂದರು. ಮರುದಿನ ಬೆಳಿಗ್ಗೆ ಅದು ಎಳೆ ಕುಂಬಳಕಾಯಿಯಷ್ಟು ಊದಿತ್ತು. ನಮ್ಮ ಬೀದಿಯ ನಾಟಿವೈದ್ಯರು ಎಲೆಯ ಪಟ್ಟಿ ಕಟ್ಟಿದರು. ಹದಿನೈದು ದಿನದಲ್ಲಿ ಊತ ಇಳಿಯಿತು, ನಾನು ಕುಂಟುತ್ತಾ ಶಾಲೆಗೆ ಹೋದೆ. ವಿಷಯ ಅಲ್ಲಿಗೇ ಮುಗಿಯಿತೆಂದು ಎಲ್ಲರೂ ತಿಳಿದೆವು.

ಮುಗಿದಿರಲಿಲ್ಲ. ಒಂದು ದಿನ ಎಂಟನೇ ತರಗತಿಯಲ್ಲಿ ಕೆಳಗೆ ಬಿದ್ದ ಸೀಮೆಸುಣ್ಣ ಹೆಕ್ಕಲಿಕ್ಕೆ ಕುಕ್ಕರಗಾಲಿನಲ್ಲಿ ಕೂತೆ. ಏಳಲು ನೋಡಿದರೆ ಎಡಗಾಲು ನೆಟ್ಟಗಾಗಲೊಲ್ಲದು. ಬಾಗಿಲಿನ ಸಂದಿಗೆ ಕಲ್ಲು ಸಿಕ್ಕಿದರೆ ಬಾಗಿಲು ಹೇಗೆ ಅರ್ಧಕ್ಕೆ ನಿಲ್ಲುತ್ತದೋ ಹಾಗೆ ನಿಂತುಬಿಟ್ಟಿತ್ತು. ಇಬ್ಬರು ಹುಡುಗಿಯರು ತೋಳು ಹಿಡಿದು ನನ್ನನ್ನು ಕುರ್ಚಿಗೆ ಏರಿಸಿದರು. ಮಕ್ಕಳ ಮುಂದೆ ಅಳುವ ಹಾಗಿಲ್ಲ. "ಸನ್ನೆಗೋಲಿನ ಪಾಠ ತೆಗೆಯಿರಿ" ಎಂದೆ. ಅರ್ಧ ಗಂಟೆ ಕೂತೇ ಪಾಠ ಮಾಡಿದ ಮೇಲೆ ಕಾಲನ್ನು ಸ್ವಲ್ಪ ಅಲುಗಿಸಿದಾಗ ಒಳಗೆ ಮತ್ತೆ 'ಟಕ್' ಎಂದು, ಕಾಲು ಏನೂ ಆಗದ ಹಾಗೆ ಬಿಟ್ಟುಕೊಂಡಿತು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಮೂಳೆ ಮುರಿದರೆ ಮುರಿದೇ ಇರುತ್ತದೆ. ಉಳುಕಾದರೆ ನಿಧಾನಕ್ಕೆ ಗುಣವಾಗುತ್ತದೆ. ಇದು ಯಾವ ಜಾತಿಯ ಕಾಯಿಲೆ, ಸಿಕ್ಕಿಕೊಳ್ಳುವುದು, ತಾನಾಗಿ ಬಿಡುವುದು?

ಮುಂದಿನ ಶನಿವಾರ ಅರ್ಧದಿನದ ಶಾಲೆ ಮುಗಿಸಿ, ಹಿರಿಯಡ್ಕ, ಪರ್ಕಳ ದಾಟಿ ಹೋಗುವ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದೆ.

ಆಸ್ಪತ್ರೆಯ ಎಲುಬಿನ ವಿಭಾಗದ ಡಾಕ್ಟರು ನಡುವಯಸ್ಸಿನವರು. ಮಾತು ಮೆಲ್ಲಗೆ, ಕೈ ಮಾತ್ರ ಬಲವಾದದ್ದು. ನನ್ನನ್ನು ಮಲಗಿಸಿ, ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಮೊಣಕಾಲಿನ ಸಂದಿಯ ಮೇಲಿಟ್ಟು, ಕಾಲನ್ನು ಮಡಚಿ, ತಿರುಚಿ, ಮೆಲ್ಲಗೆ ನೆಟ್ಟಗೆ ಮಾಡಿದರು. ಒಂದು ಕಡೆ ಬಂದಾಗ ನಾನು ಮೈ ಬಿಗಿ ಹಿಡಿದೆ. ಅವರು ತಲೆಯಾಡಿಸಿದರು. ಎಕ್ಸರೇ ತೆಗೆಸಿ ತಂದೆ. ಅದರಲ್ಲಿ ಏನೂ ಇರಲಿಲ್ಲ.

"ಏನೂ ಇಲ್ಲ ಅಂದರೆ ಕಾಲು ಸರಿ ಉಂಟು ಅಂತಲಾ?" ಎಂದು ಕೇಳಿದೆ.

"ಎಕ್ಸರೇಗೆ ಎಲುಬು ಮಾತ್ರ ಕಾಣುವುದು. ಹರಿದದ್ದು ಎಲುಬಲ್ಲ."

ನನ್ನ ಚೀಟಿಯನ್ನು ತಿರುಗಿಸಿ ಅದರ ಬೆನ್ನಿಗೆ ಚಿತ್ರ ಬರೆದರು. ಒಂದು ಮೊಟ್ಟೆಯಾಕಾರ, ಅದರೊಳಗೆ ಎದುರುಬದುರು ಎರಡು ಅರ್ಧಚಂದ್ರ. ತೊಡೆಯ ಎಲುಬು ಕಾಲಿನ ಎಲುಬಿನ ಮೇಲೆ ಕೂರುವಲ್ಲಿ ಮೆತ್ತೆಯ ಹಾಗೆ ಇರುವ ಮೃದ್ವಸ್ಥಿಗಳು ಇವು, ಮೆನಿಸ್ಕಸ್ ಅಂತ ಹೆಸರು ಎಂದರು. ಒಳಬದಿಯ ಚಂದ್ರನ ಹಿಂಭಾಗದಲ್ಲಿ ಒಂದು ಗೆರೆ ಎಳೆದು, "ನಿಮ್ಮದು ಇಲ್ಲಿ ಹರಿದಿರಬೇಕು" ಎಂದರು.

"ಇರಬೇಕು ಅಂದರೆ?"

"ನನ್ನ ಬೆರಳು ಹೇಳುವುದು ಅಷ್ಟೇ. ಖಂಡಿತ ಗೊತ್ತಾಗಬೇಕಾದರೆ ಒಳಗೆ ನೋಡಬೇಕು. ಒಳಗೆ ನೋಡಬೇಕಾದರೆ ಕೊಯ್ಯಬೇಕು. ಕೊಯ್ದ ಮೇಲೆ ಹರಿದದ್ದನ್ನು ತೆಗೆದುಬಿಡುವುದು."

"ತೆಗೆದರೆ ಆ ಜಾಗಕ್ಕೆ ಎಂತ ಇಡುತ್ತೀರಿ?"

"ಏನೂ ಇಡುವುದಿಲ್ಲ."

"ಮತ್ತೆ ಮೆತ್ತೆ ಇಲ್ಲದೆ ಎಲುಬು ಎಲುಬಿಗೆ ಉಜ್ಜುವುದಿಲ್ಲವಾ?"

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ನಾನು ಕಲಿಯುವಾಗ ನಮ್ಮ ಗುರುಗಳು, ಇದು ಇದ್ದರೂ ಒಂದೇ, ಹೋದರೂ ಒಂದೇ ಅನ್ನುತ್ತಿದ್ದರು. ನಾನೂ ಬಹಳಷ್ಟು ತೆಗೆದಿದ್ದೇನೆ, ಜನ ನಡೆದುಕೊಂಡೇ ಹೋಗಿದ್ದಾರೆ. ಈಗ ಕೆಲವರಿಗೆ ಸಂಶಯ ಬಂದಿದೆ. ನನಗೂ ಬಂದಿದೆ. ನಿಮಗೆ ಸಿಕ್ಕಿಕೊಂಡದ್ದು ಒಂದೇ ಸಲ. ಆರು ವಾರ ವ್ಯಾಯಾಮ ಮಾಡಿ ನೋಡಬಹುದು. ಇಲ್ಲ, ಈಗಲೇ ಆಗಲಿ ಅಂದರೆ ಬೆಡ್ ಬರೆದುಕೊಡುತ್ತೇನೆ. ನೀವು ಹೇಳಿ."

ಡಾಕ್ಟರು ರೋಗಿಯನ್ನು ಕೇಳುವುದೆಂದರೆ ನನಗೆ ಹೊಸದು. ಹೊರಗೆ ಕೂತು ಯೋಚಿಸಿ ಬರುತ್ತೇನೆಂದು ಹೇಳಿ ಕಾರಿಡಾರಿನ ಬೆಂಚಿಗೆ ಬಂದೆ.

ಬೆಂಚಿನಲ್ಲಿ ನನ್ನ ಬದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ತಲೆಯ ಮೇಲೆ ಸೆರಗು, ಕಿವಿಯ ಅಂಚಿಗೆ ಸಾಲಾಗಿ ಚಿನ್ನದ ಅಲಿಕತ್ತಿನ ಓಲೆಗಳು, ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಅವಳಾಚೆ ವಯಸ್ಸಾದ ಅತ್ತೆ. ಅವಳ ಕೈಯಲ್ಲೂ ಒಂದು ಚೀಟಿ ಇತ್ತು, ಅದರ ಬೆನ್ನಿಗೆ ಮೊಟ್ಟೆಯಾಕಾರ, ಎರಡು ಅರ್ಧಚಂದ್ರ. ನಾನು ನನ್ನ ಚೀಟಿಯನ್ನು ಅದರ ಪಕ್ಕಕ್ಕೆ ಹಿಡಿದೆ. ಅವಳು ಎರಡನ್ನೂ ನೋಡಿ ನಕ್ಕಳು.

"ನಿಮಗೂ ಚಂದ್ರ ಹರಿದಿದೆಯಾ?" ಎಂದಳು.

ನಮ್ಮ ಊರುಗಳಲ್ಲಿ ಮಾಡುವ ಹಾಗೆ ಮೊದಲು ಕನ್ನಡದಲ್ಲಿ ಶುರುಮಾಡಿ, ಎರಡು ಮಾತಾದ ಮೇಲೆ ಇಬ್ಬರೂ ತುಳುವಿಗೆ ಬಂದೆವು. ನಾನು ಶಾಲೆಯ ಟೀಚರು ಎಂದು ಹೇಳಿದೆ. ಅವಳ ಮನೆಭಾಷೆ ಬ್ಯಾರಿ, ಊರು ಕಾಪು. ಗಂಡ ದುಬೈಯಲ್ಲಿ. ಮನೆಯಲ್ಲಿ ಅತ್ತೆ ಮತ್ತು ನಾಲ್ಕು ವರ್ಷದ ಮಗಳು. ಇವಳು ಬೀಡಿ ಕಟ್ಟುತ್ತಿದ್ದಳು, ದಿನಕ್ಕೆ ಎಂಟು ಹತ್ತು ಗಂಟೆ ನೆಲದ ಮೇಲೆ ಕಾಲು ಮಡಚಿ, ಮಡಿಲಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಮೊರ ಇಟ್ಟುಕೊಂಡು. ಒಂದು ದಿನ ಬಾವಿಕಟ್ಟೆಯಲ್ಲಿ ಕೊಡ ಎತ್ತಿ ತಿರುಗುವಾಗ ಕಾಲು ತಿರುಚಿತು. ಆಮೇಲೆ ಸಿಕ್ಕಿಕೊಳ್ಳಲು ಶುರುವಾಯಿತು.

"ಎಷ್ಟು ಸಲ?" ಎಂದೆ.

"ಲೆಕ್ಕ ಬಿಟ್ಟಿದ್ದೇನೆ ಟೀಚರೇ. ವಾರಕ್ಕೆ ಎರಡು, ಕೆಲವು ಸಲ ಮೂರು. ಮೊನ್ನೆ ನಮಾಜಿನಲ್ಲಿ ಕೂತವಳಿಗೆ ಏಳಲಿಕ್ಕೇ ಆಗಲಿಲ್ಲ. ಮಗಳು, ಉಮ್ಮ ಇನ್ನೂ ನಮಾಜು ಮಾಡ್ತಾ ಇದ್ದಾಳೆ ಅಂತ ನನ್ನ ಪಕ್ಕ ಸುಮ್ಮನೆ ಕಾದು ಕೂತಿತ್ತು."

ನನಗೆ ನಮ್ಮ ಇಗರ್ಜಿಯಲ್ಲಿ, ಚರ್ಚಿನ ಪೂಜೆಯಲ್ಲಿ, ಮೊಣಕಾಲೂರಲು ಆಗುವುದಿಲ್ಲ, ಎಲ್ಲರೂ ಊರಿದಾಗ ನಾನೊಬ್ಬಳು ಬೆಂಚಿನಲ್ಲಿ ಕೂತಿರುತ್ತೇನೆ ಎಂದು ಹೇಳಿದೆ. ಆ ಮಾತನ್ನು ನಾನು ಮಾಯ್ ಹತ್ತಿರವೂ ಆಡಿರಲಿಲ್ಲ.

"ನಮ್ಮ ಉಸ್ತಾದರು ಕುರ್ಚಿಯಲ್ಲಿ ಕೂತು ಮಾಡಬಹುದು ಅಂದಿದ್ದಾರೆ," ಎಂದಳು ಅವಳು. "ಅನುಮತಿ ಉಂಟು. ಆದರೆ ನನಗೆ ನೆಲವೇ ಬೇಕು."

ಅತ್ತೆ ಆಪರೇಶನ್ ಬೇಡವೇ ಬೇಡ ಎನ್ನುತ್ತಿದ್ದರು. ಮೊಣಕಾಲು ಕೊಯ್ಸಿಕೊಂಡು ಮರದ ಹಾಗೆ ಗಟ್ಟಿಯಾದ ಯಾರನ್ನೋ ಅವರು ನೋಡಿದ್ದರಂತೆ. ಹಾಗಾಗಿ ಅವಳೂ ಮೊದಲು ವ್ಯಾಯಾಮ ಮಾಡಿ ನೋಡುವುದೆಂದು ಆಯಿತು. ನಾನೂ ಒಳಗೆ ಹೋಗಿ ಆರು ವಾರ ಎಂದು ಹೇಳಿದೆ. ಅದು ಧೈರ್ಯದ ತೀರ್ಮಾನವೇನೂ ಅಲ್ಲ. ತೀರ್ಮಾನವನ್ನು ಆರು ವಾರ ಮುಂದೆ ಹಾಕಿದ್ದು, ಅಷ್ಟೇ.

ವಾರಕ್ಕೆ ಎರಡು ಸಲ, ಬುಧವಾರ ರಜೆ ಹಾಕಿ, ಶನಿವಾರ ಅರ್ಧದಿನದ ಮೇಲೆ, ಫಿಸಿಯೋಥೆರಪಿಗೆ ಹೋಗುವುದು ಶುರುವಾಯಿತು. ಅಲ್ಲಿ ಇದ್ದದ್ದು ಘಟ್ಟದ ಮೇಲಿನ ಕಡೆಯ ಒಬ್ಬ ಹುಡುಗಿ, ಆಗಷ್ಟೇ ಕಲಿತು ಕೆಲಸಕ್ಕೆ ಸೇರಿದ್ದವಳು. ಮೊದಲ ದಿನ ಅವಳು ದರ್ಜಿಯ ಟೇಪು ತಂದು ನನ್ನ ಎರಡೂ ತೊಡೆಗಳ ಸುತ್ತಳತೆ ತೆಗೆದಳು. ಎಡದ್ದು ಎರಡು ಸೆಂಟಿಮೀಟರ್ ಕಮ್ಮಿ. ನಾನು ನಂಬದೆ ಟೇಪು ಕೇಳಿ ತೆಗೆದುಕೊಂಡು ನಾನೇ ಅಳೆದೆ. ಎರಡು ಸೆಂಟಿಮೀಟರೇ.

"ಪೆಟ್ಟಾದದ್ದು ಮೊಣಕಾಲಿಗಲ್ಲವಾ, ತೊಡೆ ಯಾಕೆ ಸಣ್ಣದಾಯಿತು?" ಎಂದೆ.

"ಮೊಣಕಾಲು ನೋಯುವಾಗ ನೀವು ಆ ಸ್ನಾಯುವನ್ನು ಕೆಲಸಕ್ಕೆ ಕರೆಯುವುದಿಲ್ಲ. ಕರೆಯದಿದ್ದರೆ ಅದು ಕರಗುತ್ತದೆ. ಮೊಣಕಾಲಿನ ಗಂಟನ್ನು ಹಿಡಿದು ನಿಲ್ಲಿಸುವುದೇ ಅದು."

ವ್ಯಾಯಾಮ ಎಂದರೆ ಓಟ, ನೆಗೆತ ಎಂದು ತಿಳಿದಿದ್ದವಳಿಗೆ ಅವಳು ಕೊಟ್ಟದ್ದು ನೋಡಿ ನಿರಾಸೆಯಾಯಿತು. ಮೊಣಕಾಲಿನ ಕೆಳಗೆ ಸುತ್ತಿದ ಟವೆಲು ಇಟ್ಟು ಅದನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು, ಹತ್ತು ಎಣಿಸಬೇಕು, ಬಿಡಬೇಕು. ನೋಡುವವರಿಗೆ ಮಲಗಿದ ಹಾಗೆಯೇ ಕಾಣುತ್ತದೆ. ಆದರೆ ನನ್ನ ತೊಡೆ ನಾನು ಹೇಳಿದ್ದನ್ನು ಕೇಳಲಿಲ್ಲ. ಬಲದ್ದು ಹೇಳಿದ ಕೂಡಲೇ ಬಿಗಿಯಾಗುತ್ತಿತ್ತು, ಎಡದ್ದು ಸುಮ್ಮನೆ ಬಿದ್ದುಕೊಂಡಿರುತ್ತಿತ್ತು. ನನ್ನದೇ ಮೈಯ ಒಂದು ಭಾಗ ನನ್ನ ಮಾತು ಮರೆತಿದೆ ಎನ್ನುವುದು ವಿಚಿತ್ರವಾಗಿ ಕಂಡಿತು. ಹುಡುಗಿ ತನ್ನ ಅಂಗೈಯಿಂದ ಸ್ನಾಯುವಿನ ಮೇಲೆ ಮೆಲ್ಲಗೆ ತಟ್ಟಿ, "ಇಲ್ಲಿ, ಇಲ್ಲಿ" ಎನ್ನುತ್ತಿದ್ದಳು. ನಾಲ್ಕನೇ ದಿನ ಅದು ಒಮ್ಮೆ ಅಲುಗಿತು.

ಆಮೇಲೆ ಪಾದದ ಗಂಟಿಗೆ ಮರಳಿನ ಚೀಲ ಕಟ್ಟಿ ಕಾಲೆತ್ತುವುದು. ಮನೆಯಲ್ಲಿ ಮಾಡಲು ಚೀಲ ನಾವೇ ಹೊಲಿಸಿಕೊಳ್ಳಬೇಕಿತ್ತು. ನಾನು ಹಳೆಯ ಖಾಕಿ ಬಟ್ಟೆಯಲ್ಲಿ ಹೊಲಿಸಿ ಹೊಳೆಯ ಮರಳು ತುಂಬಿಸಿದೆ. ಕಾಪುವಿನವಳು ಸಮುದ್ರದ ಮರಳು ತುಂಬಿಸಿ ತಂದಳು. ಎರಡನ್ನೂ ಅಲ್ಲಿನ ತಕ್ಕಡಿಯಲ್ಲಿ ತೂಗಿದಾಗ ಅವಳದ್ದು ಹೆಚ್ಚು ಬಂತು. "ಒದ್ದೆ ಇರಬೇಕು" ಎಂದಳು ಹುಡುಗಿ. ಒಣಗಿಸಿ ತಂದು ಮತ್ತೆ ತೂಗಿದೆವು.

ಮುಗಿಸಿ ಇಬ್ಬರೂ ಒಂದೇ ಬಸ್ಸಿನಲ್ಲಿ ಉಡುಪಿಗೆ ಇಳಿಯುತ್ತಿದ್ದೆವು. ಅವಳಿಗೆ ಅಲ್ಲಿಂದ ಕಾಪುವಿನ ಬಸ್ಸು. ನನಗೆ ಮಣಿಪಾಲದಿಂದಲೇ ಕಾರ್ಕಳಕ್ಕೆ ಹೋಗಬಹುದಿತ್ತು, ಆದರೂ ಇಳಿಯುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತು ಕಾಫಿ ಕುಡಿಯುತ್ತಾ, ಆ ವಾರ ಕಾಲು ಯಾವಾಗ ಸಿಕ್ಕಿತು, ಹೇಗೆ ಬಿಟ್ಟಿತು, ಯಾವ ಮೆಟ್ಟಲಿನಲ್ಲಿ ನೋವು ಬಂತು ಎಂದು ಒಪ್ಪಿಸಿಕೊಳ್ಳುವುದು. ಅತ್ತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಬಸ್ಸು ನೋಡುತ್ತಿದ್ದರು.

ಒಳಗೆ ಏನಿದೆ ಎಂದು ನೋಡದೆ ನನಗೆ ಸಮಾಧಾನವಿರಲಿಲ್ಲ. ಒಂದು ಆದಿತ್ಯವಾರ ಪೂಜೆ ಮುಗಿಸಿ ಕಾರ್ಕಳದ ಮಾರ್ಕೆಟಿನ ಮಾಂಸದ ಅಂಗಡಿಗೆ ಹೋಗಿ, ಆಡಿನ ಹಿಂಗಾಲಿನ ಮೊಣಕಾಲು ಕತ್ತರಿಸದೆ ಇಡಿಯಾಗಿ ಬೇಕು ಎಂದೆ.

"ಸೂಪಿಗಾ ಟೀಚರೇ? ತುಂಡು ಮಾಡಿದರೆ ರಸ ಬಿಡುವುದು," ಎಂದರು ಅಂಗಡಿಯವರು.

"ಸೂಪಿಗಲ್ಲ. ನೋಡಲಿಕ್ಕೆ."

ಅವರು ಬೇರೇನೂ ಕೇಳದೆ ಕಟ್ಟಿಕೊಟ್ಟರು. ಮನೆಯ ಹಿಂದಿನ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು, ಶಾಲೆಯಿಂದ ತಂದ ಚಿಕ್ಕ ಕತ್ತಿಯಲ್ಲಿ ಬಿಡಿಸಿದೆ. ಸುತ್ತಲಿನ ಪದರ ಸೀಳಿದಾಗ ಮೊಟ್ಟೆಯ ಬಿಳಿಯ ಹಾಗಿನ ಅಂಟು ನೀರು ಬಂತು. ಮೇಲಿನ ಎಲುಬನ್ನು ಹಿಂದಕ್ಕೆ ಬಾಗಿಸಿದಾಗ ಕಂಡವು, ಡಾಕ್ಟರು ಬರೆದ ಹಾಗೆಯೇ ಎದುರುಬದುರು ಎರಡು ಅರ್ಧಚಂದ್ರ. ಬಿಳಿ, ನುಣುಪು, ಹೊರ ಅಂಚು ದಪ್ಪ, ಒಳ ಅಂಚು ಕಾಗದದಷ್ಟು ತೆಳು. ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಿ, ಬಿಟ್ಟರೆ ಮೊದಲಿನ ಹಾಗೆ. ಮಾಯ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಆದಿತ್ಯವಾರ ಇದೆಂಥದು ಮಾಡುವುದು?" ಎಂದರು. ಆದರೆ ಹತ್ತಿರ ಬಂದು ಬಗ್ಗಿದರು. "ಇದಾ ನಿನ್ನದು ಹರಿದದ್ದು?"

"ಇದೇ."

ಒಳಬದಿಯ ಚಂದ್ರನ ನಡುವೆ ಉದ್ದಕ್ಕೆ ಒಂದು ಸೀಳು ಹಾಕಿ, ಎಲುಬುಗಳನ್ನು ಸೇರಿಸಿ ಮಡಚಿ ನೋಡಿದೆ. ಮೂರನೆಯ ಸಲಕ್ಕೆ ಸೀಳಿದ ತುಂಡು ಎಲುಬುಗಳ ನಡುವೆ ಜಾರಿ ನಿಂತಿತು. ಗಂಟು ಅರ್ಧಕ್ಕೆ ಸಿಕ್ಕಿತು. ಎಷ್ಟು ಒತ್ತಿದರೂ ನೆಟ್ಟಗಾಗಲಿಲ್ಲ. ಸ್ವಲ್ಪ ತಿರುಚಿ ಅಲುಗಿಸಿದಾಗ 'ಟಕ್' ಎಂದು ಬಿಟ್ಟಿತು. ನನಗೆ ಎಂಟನೇ ತರಗತಿಯ ಆ ದಿನ ಮೈಯಲ್ಲಿ ಆದದ್ದು ಈಗ ಕೈಯಲ್ಲಿ ಆಗುತ್ತಿತ್ತು. ಹೊರ ಅಂಚಿನಲ್ಲಿ ಸಣ್ಣ ಸೀಳು ಹಾಕಿದರೆ ಏನಾಗುತ್ತದೆ ಎಂದು ಇನ್ನೊಂದು ಚಂದ್ರನನ್ನೂ ಸೀಳಿ ನೋಡಿದೆ. ಅದು ಎಷ್ಟು ಮಡಚಿದರೂ ಜಾರಲಿಲ್ಲ. ಮಾಯ್ ಒಳಗೆ ಹೋಗುವ ಮೊದಲು, "ನಿನ್ನದನ್ನು ಕೊಯ್ದರೆ ಕಲೆ ಎಷ್ಟು ಉದ್ದ ಇರುತ್ತದೆ?" ಎಂದು ಕೇಳಿದರು. ಎರಡು ಕಡೆಯಿಂದ ಮದುವೆಯ ಮಾತು ಬರುತ್ತಿದ್ದ ಕಾಲ ಅದು. ಬೆರಳಿನಷ್ಟು ಎಂದೆ. ಅವರು ತಮ್ಮ ಬೆರಳು ನೋಡಿಕೊಂಡು ಒಳಗೆ ಹೋದರು.

ಬುಧವಾರ ಇದನ್ನೆಲ್ಲ ಅವಳಿಗೆ ವಿವರಿಸಿದೆ, ಹೋಟೆಲಿನ ಮೇಜಿನ ಮೇಲೆ ನೀರಿನಲ್ಲಿ ಬೆರಳದ್ದಿ ಚಿತ್ರ ಬರೆದು. ಅವಳು ಎಲ್ಲ ಕೇಳಿ, "ಅಂದರೆ ನನ್ನ ಒಳಗೆ ತುಂಡು ಸಡಿಲವಾಗಿ ಅಲೆಯುತ್ತಾ ಉಂಟು. ನಾನು ಎಷ್ಟು ಮರಳು ಎತ್ತಿದರೂ ಅದು ಅಲ್ಲೇ ಇರುತ್ತದೆ, ಅಲ್ವಾ?" ಎಂದಳು.

ಆಡಿನ ಕಾಲು ನೋಡಿ ಮನುಷ್ಯರ ಕಾಲಿನ ಬಗ್ಗೆ ಹೇಳಲಿಕ್ಕೆ ನಾನು ಯಾರು? "ಡಾಕ್ಟರನ್ನೇ ಕೇಳುವ" ಎಂದೆ.

ನಾಲ್ಕನೇ ವಾರ ಅವಳು ತಾನೇ ಡಾಕ್ಟರ ಹತ್ತಿರ ಹೋಗಿ ಬೆಡ್ ಬರೆಸಿಕೊಂಡಳು. ಅತ್ತೆ ಒಂದು ದಿನ ಮಾತು ಬಿಟ್ಟರು. ದುಬೈಗೆ ಬರೆದ ಕಾಗದಕ್ಕೆ ಉತ್ತರ ಬರಲು ಮೂರು ವಾರ ಬೇಕು, ಅದಕ್ಕೆ ಕಾಯಲಿಲ್ಲ. "ಅವರು ಬೇಡ ಅಂದರೂ ಕಾಲು ಸಿಕ್ಕಿಕೊಳ್ಳುವುದು ನನ್ನದೇ," ಎಂದಳು. ಅದೇ ವಾರ ನನ್ನ ಕಾಲೂ ಒಮ್ಮೆ ಸಿಕ್ಕಿತು. ಮನೆಯಲ್ಲಿ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ಐದು ನಿಮಿಷ ಹಿಡಿದುಕೊಂಡು ಬಿಟ್ಟಿತು. ಆ ರಾತ್ರಿ ನಾನೂ ಕೊಯ್ಸಿಕೊಳ್ಳುವುದೇ ಎಂದು ನಿಶ್ಚಯ ಮಾಡಿದೆ.

ಶನಿವಾರ ಡಾಕ್ಟರ ಎದುರು ಕೂತು ಹಾಗೆಯೇ ಹೇಳಿದೆ. ಅವರು ಬೆಡ್ಡಿನ ಚೀಟಿ ಬರೆಯುತ್ತಾ, ಯಾಕೆ ಮನಸ್ಸು ಬದಲಾಯಿತು ಎಂದು ಕೇಳಿದರು. ನಾನು ಆಡಿನ ಮೊಣಕಾಲಿನ ಕಥೆ ಹೇಳಿದೆ. ನಡುವೆ ಸೀಳಿದ್ದು ಜಾರಿದ್ದು, ಅಂಚು ಸೀಳಿದ್ದು ಜಾರದೆ ಇದ್ದದ್ದು ಎಲ್ಲ. ಅವರು ಬರೆಯುವುದನ್ನು ನಿಲ್ಲಿಸಿದರು.

"ಒಂದು ಪರೀಕ್ಷೆ ಉಂಟು," ಎಂದರು. "ಗಂಟಿಗೆ ಎಕ್ಸರೇಯಲ್ಲಿ ಕಾಣುವ ಮದ್ದು ಮತ್ತು ಗಾಳಿ ಹಾಕಿ ಚಿತ್ರ ತೆಗೆಯುವುದು. ಪೂರ್ತಿ ಭರವಸೆ ಇಡಲಿಕ್ಕಾಗುವುದಿಲ್ಲ. ಆದರೆ ನಿಮಗೆ ನೋಡುವ ಆಸೆ ಇದ್ದ ಹಾಗಿದೆ."

ಸೂಜಿ ಹೋದಾಗ ಮೊಣಕಾಲು ಒಳಗಿನಿಂದ ಉಬ್ಬಿದ ಹಾಗಾಯಿತು, ಕಾಲು ಮಡಚಿದರೆ ಒಳಗೆ ನೀರಿನ ಸದ್ದು. ಚಿತ್ರಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಡಾಕ್ಟರು ಬಹಳ ಹೊತ್ತು ನೋಡಿದರು. ನನಗೆ ಕಂಡದ್ದು ಬೂದಿ ಬಣ್ಣದ ಮೋಡಗಳು ಮಾತ್ರ. ಒಂದು ಕಡೆ ಬೆರಳಿಟ್ಟರು. ಕೂದಲೆಳೆಯಷ್ಟು ಬಿಳಿ ಗೆರೆ.

"ಇದು ಹರಿದದ್ದಿರಬಹುದು. ಇಲ್ಲದೆಯೂ ಇರಬಹುದು. ಇದ್ದರೆ ತೀರಾ ಅಂಚಿನಲ್ಲಿ ಉಂಟು. ಅಂಚಿಗೆ ರಕ್ತ ಬರುತ್ತದೆ, ನಡುಭಾಗಕ್ಕೆ ಬರುವುದಿಲ್ಲ. ರಕ್ತ ಇದ್ದಲ್ಲಿ ತಾನಾಗಿ ಕೂಡಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದು."

"ನೀವಾದರೆ ಎಂತ ಮಾಡುತ್ತಿದ್ದಿರಿ?"

ಅವರು ಚಿತ್ರಗಳನ್ನು ಪೆಟ್ಟಿಗೆಯಿಂದ ಕಳಚುತ್ತಾ ಹೇಳಿದರು, "ತೆಗೆದದ್ದನ್ನು ತಿರುಗಿ ಇಡಲಿಕ್ಕೆ ನನಗೆ ಬರುವುದಿಲ್ಲ. ಕಾಯುವುದು ಕೆಟ್ಟರೆ ಆಮೇಲೂ ತೆಗೆಯಬಹುದು. ಆದರೆ ಇದು ನಿಮಗೆ ಹೇಳಿದ್ದು. ನಿಮ್ಮ ಗೆಳತಿಯದ್ದು ಬೇರೆ ವಿಷಯ."

ಅರ್ಧ ಬರೆದಿದ್ದ ಬೆಡ್ಡಿನ ಚೀಟಿಯನ್ನು ಅವರು ಹರಿದರು. ನಾನು ತಡೆಯಲಿಲ್ಲ.

ಅವಳ ಆಪರೇಶನ್ನಿನ ದಿನ ನಾನು ರಜೆ ಹಾಕಿ ಹೋದೆ. ಅತ್ತೆ ಕಾರಿಡಾರಿನಲ್ಲಿ ತಸ್ಬಿ ಮಣಿ ಎಣಿಸುತ್ತಾ ಕೂತಿದ್ದರು. ನನ್ನ ಕೈಚೀಲದಲ್ಲೂ ಜಪಸರ ಇತ್ತು. ತೆಗೆಯಲೋ ಬೇಡವೋ ಎಂದು ಯೋಚಿಸಿ ತೆಗೆದೆ. ಅವರು ಒಮ್ಮೆ ನೋಡಿ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಅವಳಿಗೆ ಉದ್ದಕ್ಕೂ ಎಚ್ಚರ ಇತ್ತು. ಹೊರಗೆ ತಂದಾಗ ಕಾಲಿಗೆ ತೊಡೆಯಿಂದ ಮೀನಖಂಡದವರೆಗೆ ಹತ್ತಿಯ ದಪ್ಪ ಪಟ್ಟಿ.

"ಕಾಲು ಇನ್ನೊಬ್ಬರದ್ದು ಆದ ಹಾಗಿತ್ತು ಟೀಚರೇ," ಎಂದಳು ಸಂಜೆ. "ಯಾರದ್ದೋ ಕಾಲು ಎತ್ತಿ ಮಡಚುತ್ತಾ ಇದ್ದಾರೆ ಅಂತ ಕಾಣುವುದು. ತೆಗೆದ ಮೇಲೆ ನನಗೆ ತೋರಿಸಿ ಅಂದೆ. ತಟ್ಟೆಯಲ್ಲಿ ತಂದರು."

"ಹೇಗಿತ್ತು?"

"ಎಳೆ ತೆಂಗಿನಕಾಯಿಯ ಹೋಳಿನ ಹಾಗೆ. ನಡುವೆ ಉದ್ದಕ್ಕೆ ಹರಿದು, ಬಕೆಟಿನ ಹಿಡಿಯ ಹಾಗೆ ಜೋತಿತ್ತು. ನೀವು ನೀರಿನಲ್ಲಿ ಬರೆದಿರಲ್ಲ, ಹಾಗೆಯೇ."

ಅವಳ ಗೊಂದಲ ಮುಗಿದಿತ್ತು. ಅವಳು ಕಣ್ಣಾರೆ ಕಂಡಿದ್ದಳು. ನನಗೆ ಸ್ವಲ್ಪ ಅಸೂಯೆಯಾಯಿತು ಎಂದರೆ ನಂಬುವುದು ಕಷ್ಟ, ಆದರೆ ಆದದ್ದು ಹೌದು.

ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಎರಡು ತಿಂಗಳಲ್ಲಿ ಅವಳು ತಿರುಗಿ ನೆಲದಲ್ಲಿ ಕೂತು ಬೀಡಿ ಕಟ್ಟತೊಡಗಿದಳು. ಸಿಕ್ಕಿಕೊಳ್ಳುವುದು ಅಂದಿಗೆ ನಿಂತದ್ದು ನಿಂತೇಹೋಯಿತು. ನಾನು ಆರು ವಾರದ ವ್ಯಾಯಾಮವನ್ನು ಆರು ತಿಂಗಳು ಮಾಡಿದೆ. ತೊಡೆಯ ಅಳತೆ ಒಂದೂವರೆ ಸೆಂಟಿಮೀಟರ್ ಹಿಂದಕ್ಕೆ ಬಂತು, ಕೊನೆಯ ಅರ್ಧ ಬರಲೇ ಇಲ್ಲ. ಕಾಲು ಆಮೇಲೆ ಸಿಕ್ಕಿಕೊಂಡದ್ದು ಒಂದೇ ಸಲ, ಅದೂ ಕ್ಷಣಮಾತ್ರ. ಆದರೆ ಮೆಟ್ಟಲು ಇಳಿಯುವಾಗ ಹಿಡಿಯಲು ಕಂಬಿ ಹುಡುಕುವ ಅಭ್ಯಾಸ ಉಳಿಯಿತು, ಕುಕ್ಕರಗಾಲಿನಲ್ಲಿ ಕೂರುವ ಧೈರ್ಯ ಬರಲಿಲ್ಲ.

ಮರುವರ್ಷ ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋದೆ. ಊಟವಾದ ಮೇಲೆ ಸಮುದ್ರದ ಬದಿಗೆ ನಡೆದೆವು. ದೀಪಸ್ತಂಭ ನೋಡಲು ಬಿಡುವ ಹೊತ್ತು ಅದು.

"ಹತ್ತುವ, ಯಾರ ಕಾಲು ಮೊದಲು ದೂರು ಹೇಳುತ್ತದೆ ನೋಡುವ," ಎಂದಳು.

ಮೊದಲು ಬಂಡೆಯ ಮೆಟ್ಟಲು, ಆಮೇಲೆ ಗೋಪುರದ ಒಳಗಿನ ಸುತ್ತು ಮೆಟ್ಟಲು. ಅವಳು ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಲ್ಲದೆ ಹತ್ತಿದಳು. ನಾನು ಎರಡು ಕಡೆ ನಿಂತೆ. ಮೇಲೆ ಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅವಳ ಮುಖದಲ್ಲಿ ಬೆವರು ಬಿಟ್ಟರೆ ಏನೂ ಇಲ್ಲ. ಇಳಿಯುವಾಗ ನಾನು ಗೋಡೆ ಹಿಡಿದು ಒಂದೊಂದೇ ಮೆಟ್ಟಲು ಇಳಿದೆ. ಅವಳು ಕೆಳಗೆ ನಿಂತು ಕಾದಳು. ನಾನು ತಪ್ಪು ಮಾಡಿದೆನಾ ಎಂದು ಆ ದಿನ ಬಸ್ಸಿನಲ್ಲಿ ಕಾರ್ಕಳದವರೆಗೂ ಯೋಚಿಸಿದೆ.

ನನಗೆ ಮದುವೆಯಾಯಿತು. ಗಂಡನಾದವರು ಮೊದಲನೇ ಸಲ ಹೆಣ್ಣು ನೋಡಲು ಮನೆಗೆ ಬಂದಾಗಲೇ ಮೊಣಕಾಲಿನ ವಿಷಯ ಹೇಳಿದ್ದೆ. ಅವರು ಕೇಳಿದ್ದು, ಸೈಕಲ್ ಬಿಡಲಿಕ್ಕಾಗುತ್ತದಾ ಎಂದು ಮಾತ್ರ. ವರ್ಷಗಳು ಹೋದ ಹಾಗೆ ಕಾಲು ತನ್ನಷ್ಟಕ್ಕೆ ಸುಮ್ಮನಾಯಿತು. ಯಾವ ದಿನದಿಂದ ಎಂದು ಹೇಳಲಾರೆ. ಒಂದು ಆದಿತ್ಯವಾರ ಇಗರ್ಜಿಯಲ್ಲಿ ಎಲ್ಲರ ಜೊತೆ ಮೊಣಕಾಲೂರಿದ್ದೇನೆ ಎಂದು ಊರಿದ ಮೇಲೆ ಗೊತ್ತಾಯಿತು.

ಕಾಪುವಿನವಳನ್ನು ಮತ್ತೆ ಮಣಿಪಾಲದಲ್ಲಿ ಕಂಡದ್ದು ಎಂಬತ್ತರ ದಶಕದ ನಡುವೆ ಯಾವಾಗಲೋ. ನಾನು ಮಾಯ್ ಅವರ ಕಣ್ಣು ತೋರಿಸಲು ಹೋಗಿದ್ದೆ. ಅವಳು ಎಲುಬಿನ ವಿಭಾಗದ ಬೆಂಚಿನಲ್ಲಿ ಕೂತಿದ್ದಳು, ಜೊತೆಗೆ ಉದ್ದ ಜಡೆಯ ಮಗಳು. ಒಂದು ವರ್ಷದಿಂದ ಕೊಯ್ದ ಮೊಣಕಾಲು ಸಂಜೆಯಾದರೆ ಊದುತ್ತದಂತೆ, ಬೆಳಿಗ್ಗೆ ಎದ್ದರೆ ಗಟ್ಟಿಯಾಗಿರುತ್ತದಂತೆ. ಅವಳ ಹೊಸ ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಳಬದಿಯಲ್ಲಿ ಎರಡು ಎಲುಬುಗಳ ನಡುವಿನ ಸಂದಿ ಹೊರಬದಿಗಿಂತ ಕಿರಿದಾಗಿತ್ತು. ಅದು ನನ್ನ ಕಣ್ಣಿಗೂ ಕಾಣುವಂತಿತ್ತು.

ಕೇಳಬಾರದಿತ್ತೋ ಏನೋ, ಕೇಳಿದೆ. "ಹೀಗಾಗುತ್ತದೆ ಅಂತ ಆಗ ಗೊತ್ತಿದ್ದರೆ ಕೊಯ್ಸಿಕೊಳ್ಳುತ್ತಿದ್ದಿರಾ?"

ಅವಳು ಸಿಟ್ಟಾಗಲಿಲ್ಲ. "ಕೊಯ್ಸಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನೆಲದಲ್ಲಿ ಕೂತೆನಲ್ಲ. ಆಗ ಕೊಯ್ಯದಿದ್ದರೆ ಆ ತುಂಡು ನನ್ನನ್ನು ಕೂರಲಿಕ್ಕೆ ಬಿಡುತ್ತಿತ್ತಾ?"

ಡಾಕ್ಟರು ಕೂದಲು ಬೆಳ್ಳಗಾಗಿ ಅಲ್ಲೇ ಇದ್ದರು. ಅವಳಿಗೆ ಹೇಳಿದ್ದು ಇಷ್ಟೇ: ತೂಕ ಇಳಿಸಬೇಕು, ಸ್ಟೂಲಿನ ಮೇಲೆ ಕೂತು ಕೆಲಸ ಮಾಡಬೇಕು, ತೊಡೆಗೆ ವ್ಯಾಯಾಮ ಮಾಡಬೇಕು. ನನ್ನ ನೆನಪು ಅವರಿಗಿತ್ತು. "ಆಡಿನ ಕಾಲಿನ ಟೀಚರು," ಎಂದರು. ಈಗೀಗ ಪೆನ್ಸಿಲಿನಷ್ಟು ತೆಳ್ಳಗಿನ ಕೊಳವೆಯನ್ನು ಗಂಟಿನೊಳಗೆ ಇಳಿಸಿ ನೋಡುವ ಉಪಕರಣ ಬಂದಿದೆ, ಗಾಯ ಅಂಗಿಯ ಗುಂಡಿಯ ತೂತಿನಷ್ಟು, ಹರಿದ ತುಂಡನ್ನು ಮಾತ್ರ ತೆಗೆದು ಉಳಿದದ್ದನ್ನು ಬಿಡುವುದೂ ಸಾಧ್ಯ ಎಂದರು. ಅವಳು ಕೇಳುತ್ತಾ ತನ್ನ ಮೊಣಕಾಲಿನ ಕಲೆಯ ಮೇಲೆ ಸೀರೆಯ ಮೇಲಿಂದಲೇ ಬೆರಳಾಡಿಸಿದಳು.

ನಾನು ಕೇಳಿಯೇಬಿಟ್ಟೆ. "ಅದರಲ್ಲಿ ನನ್ನದನ್ನು ನೋಡಬಹುದಾ? ಆಗ ಹರಿದದ್ದು ಹೌದಾ, ಕೂಡಿದೆಯಾ ಅಂತ?"

"ಈಗ ನೋವು ಉಂಟಾ?"

"ಇಲ್ಲ."

"ನೋವಿಲ್ಲದ ಮೊಣಕಾಲಿನೊಳಗೆ ನಾನು ಇಣುಕುವುದಿಲ್ಲ," ಎಂದರು ಅವರು. "ನೀವು ಪಾಠ ಮಾಡಲಿಕ್ಕೆ ಹೋಗಿ."

ಕಾಪುವಿನವಳು ಆ ವಾರವೇ ವ್ಯಾಯಾಮ ಶುರುಮಾಡಿದಳು. ಮೊದಲಿನ ಹುಡುಗಿ ಆಗ ಅಲ್ಲಿ ಇರಲಿಲ್ಲ, ಬೇರೊಬ್ಬರು ಇದ್ದರು. ಮೂರು ತಿಂಗಳ ನಂತರ ಅವಳು ಮಗಳ ಕೈಯಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಬರೆಸಿದಳು. ಊತ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಬೀಡಿಯನ್ನು ಸ್ಟೂಲಿನಲ್ಲಿ ಕೂತು ಕಟ್ಟಿದರೆ ಮೊರ ಜಾರುತ್ತದೆ, ಅದಕ್ಕೆ ಬಡಗಿಯ ಹತ್ತಿರ ಅಂಚಿರುವ ಹಲಗೆ ಮಾಡಿಸಿದ್ದೇನೆ. ನಮಾಜು ಮಾತ್ರ ನೆಲದಲ್ಲೇ, ಏಳುವಾಗ ಮಗಳು ಕೈ ಕೊಡುತ್ತಾಳೆ. ಕೆಳಗೆ ಮಗಳು ತನ್ನದೇ ಒಂದು ಸಾಲು ಸೇರಿಸಿದ್ದಳು: ಈ ವರ್ಷ ನಮಗೆ ವಿಜ್ಞಾನದಲ್ಲಿ ಕೀಲುಗಳ ಪಾಠ ಉಂಟು, ಅದರಲ್ಲಿ ಮೊಣಕಾಲಿನ ಚಿತ್ರ ತುಂಬಾ ಸಣ್ಣದಾಗಿ ಕೊಟ್ಟಿದ್ದಾರೆ, ದೊಡ್ಡದಾಗಿ ಬರೆದು ಕಳಿಸುತ್ತೀರಾ?

ಆ ಸಂಜೆಯೇ ಡ್ರಾಯಿಂಗ್ ಕಾಗದ ತೆಗೆದುಕೊಂಡು ಕೂತೆ.